ಖಾಲಿ ಎಂದ ಮೇಲೂ ಕಿರುಬೆರಳು

ಕೋವಿ ರಿಪೇರಿಯವನಿಗೆ ಪೇಟೆಯಲ್ಲಿ ‘ಕಿರುಬೆರಳು’ ಎಂದೇ ಹೆಸರು. ಯಾರು ಕೋವಿ ತಂದರೂ ಮೊದಲು “ಖಾಲಿನಾ?” ಎಂದು ಕೇಳುತ್ತಾನೆ. ತಂದವರು “ಖಾಲಿ” ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೂ ತೆರೆದು, ತೋಟಾ ಕೂರುವ ಗೂಡಿನೊಳಗೆ ಕಿರುಬೆರಳು ಹಾಕಿ ನೋಡುತ್ತಾನೆ. ಮೂವತ್ತೊಂದು ವರ್ಷಗಳಲ್ಲಿ ಬೆರಳಿಗೆ ಸಿಕ್ಕಿದ್ದು ಎಣ್ಣೆ, ಧೂಳು, ಒಮ್ಮೆ ಒಂದು ಜೇಡ.

ಕಳೆದ ತಿಂಗಳು ನಿವೃತ್ತ ಮೇಷ್ಟ್ರು ಒಂದು ಅರ್ಜಿ ಹಿಡಿದು ಬಂದರು. ಮನೆಮನೆಯ ಕೋವಿಗಳನ್ನೆಲ್ಲ ಠಾಣೆಯ ಕಪಾಟಿನಲ್ಲಿಡಬೇಕು, ಬೇಕಾದಾಗ ರುಜು ಹಾಕಿ ಒಯ್ಯಬೇಕು ಎಂಬ ಕಾನೂನು ಬರಲಿ ಎಂದು ಅರ್ಜಿ.

“ಕೋವಿ ತಾನಾಗಿ ಎದ್ದು ಯಾರನ್ನೂ ಹೊಡಿಯಲ್ಲ ಮೇಷ್ಟ್ರೇ. ನಾಳೆ ಅಡುಗೆಮನೆ ಚಾಕುಗೂ ರುಜು ಕೇಳ್ತೀರಾ?”

“ಕೇಳಲ್ಲಪ್ಪ. ಚಾಕು ಹಿಡ್ಕೊಂಡವನಿಂದ ಈ ಮಂಡಿನೋವಲ್ಲೂ ಓಡಿ ತಪ್ಪಿಸ್ಕೋಬಹುದು.”

ಅವನು ನಕ್ಕ, ರುಜು ಹಾಕಲಿಲ್ಲ. ಅರ್ಜಿ ಎಣ್ಣೆ ಡಬ್ಬಿಯ ಕೆಳಗೆ ಉಳಿಯಿತು.

ಸೋಮವಾರ ಅಕ್ಕನ ಗಂಡ ತನ್ನ ಕೋವಿ ತಂದ. ಗೋದಾಮು ಕಾಯುವ ಕೆಲಸದಿಂದ ಈ ವರ್ಷವೇ ನಿವೃತ್ತನಾದವನು.

“ಟ್ರಿಗರ್ ಬಿಗಿ ಕಣೋ. ಸ್ವಲ್ಪ ಸಲೀಸು ಮಾಡ್ಕೊಡು.”

“ಖಾಲಿನಾ ಭಾವ?”

“ಖಾಲಿ, ಖಾಲಿ. ನನಗೂ ಪರೀಕ್ಷೆ ಇಡ್ತೀಯಲ್ಲ!”

ಕಿರುಬೆರಳಿಗೆ ತಣ್ಣನೆಯ ಹಿತ್ತಾಳೆ ತಗುಲಿತು. ತೋಟಾವನ್ನು ಹೊರತೆಗೆದು ಮೇಜಿನ ಮೇಲೆ ನಿಲ್ಲಿಸಿದ.

“ಓ… ಮರೆತಿದ್ದೆ,” ಎಂದ ಭಾವ. ಶುಕ್ರವಾರ ಬರುತ್ತೇನೆಂದು ಹೊರಟ.

ಕಿರುಬೆರಳು ತಕ್ಷಣ ಅಕ್ಕನಿಗೆ ಫೋನ್ ಮಾಡಿದ.

“ಬಾಗಿಲು ಕಿರ್ ಅಂದ್ರೆ ಸಾಕು, ಕೋವಿ ಎತ್ಕೋತಾರೆ. ನೀರು ಕುಡಿಯೋಕೆ ಎದ್ರೂ ‘ನಾನೇ, ನಾನೇ’ ಅಂತ ಕೂಗ್ಕೊಂಡು ಹೋಗ್ತೀನಿ. ಅದನ್ನ ವಾಪಸ್ ಕೊಡ್ಬೇಡ್ವೋ.”

ಲೈಸೆನ್ಸು ಭಾವನ ಹೆಸರಿನಲ್ಲಿದೆ. ಕೊಡುವುದಿಲ್ಲ ಎನ್ನಲು ಇವನಿಗೆ ಹಕ್ಕಿಲ್ಲ. ಆದರೂ ತೋಟಾಕ್ಕೆ ಬಡಿಯುವ ಸೂಜಿಯನ್ನು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಅದಿಲ್ಲದಿದ್ದರೆ ಕೋವಿ ಬರೀ ಕೊಳವೆ. ನಾಲ್ಕು ದಿನ ಊಟಕ್ಕೆ ಕೂತರೂ ಕೈ ಜೇಬಿಗೇ ಹೋಗುತ್ತಿತ್ತು. ಸ್ಕ್ರೂಡ್ರೈವರ್ ಹಿಡಿದರೆ ಯಾವ ಸ್ಕ್ರೂ ಎಂದು ಮರೆಯುತ್ತಿತ್ತು.

ಶುಕ್ರವಾರ ಭಾವ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಬಿಡಿಭಾಗ ಬಂದಿಲ್ಲ ಎನ್ನಬೇಕೆಂದಿದ್ದವನಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ.

“ಸೂಜಿ ತೆಗೆದಿದ್ದೀನಿ ಭಾವ. ಕೊಡಲ್ಲ.”

“ನನ್ನ ಕೋವಿ ಕಣೋ ಅದು! ನಾನೇನು ನಿಮ್ಮಕ್ಕನ್ನ ಹೊಡೀತೀನಾ?”

“ಖಾಲಿ ಅಂದ್ರಿ. ಖಾಲಿ ಇರ್ಲಿಲ್ಲ.”

ಭಾವನ ಕತ್ತು ಕೆಂಪಾಯಿತು. ಮೇಜಿನ ಮೇಲೆ ಇನ್ನೂ ನಿಂತಿದ್ದ ತೋಟಾ ನೋಡುತ್ತ ಸ್ಟೂಲಿನ ಮೇಲೆ ಕುಸಿದ.

“ಸದ್ದು ಕೇಳ್ಸತ್ತೆ ಕಣೋ. ಯಾರೋ ಬೀಗ ಮುಟ್ಟಿದ ಹಾಗೆ.”

“ಡಾಕ್ಟ್ರ ಹತ್ರ ಹೋಗೋಣ. ನಾನೂ ಬರ್ತೀನಿ.”

ಭಾವ ಎದ್ದು, ಸೂಜಿಯಿಲ್ಲದ ಕೋವಿಯನ್ನೇ ಬಟ್ಟೆಯಲ್ಲಿ ಸುತ್ತಿಕೊಂಡು ಸೇತುವೆಯ ಕಡೆ ಹೊರಟುಹೋದ.

ಸೇತುವೆಯಾಚೆ ಇನ್ನೊಬ್ಬ ರಿಪೇರಿಯವನಿದ್ದಾನೆ, ಇವನ ಹಳೆಯ ಶಿಷ್ಯ. ಬೇರೆ ಅಂಗಡಿ ಇಟ್ಟಾಗಿನಿಂದ ಹನ್ನೊಂದು ವರ್ಷ ಮಾತಿಲ್ಲ. ಆ ಸೂಜಿ ಅವನ ಬಳಿ ಡಬ್ಬಿಗಟ್ಟಲೆ ಇರುತ್ತದೆ.

ಕಿರುಬೆರಳು ಅಂಗಡಿಗೆ ಬೀಗ ಹಾಕಿದ. ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು, ಬೀಗ ತೆಗೆದು, ಎಣ್ಣೆ ಡಬ್ಬಿಯ ಕೆಳಗಿನ ಅರ್ಜಿ ಎಳೆದುಕೊಂಡ. ರುಜು ಹಾಕುವಷ್ಟು ಪುರುಸೊತ್ತಿರಲಿಲ್ಲ. ಅದನ್ನು ಮಡಚಿ ಸೂಜಿಯ ಜೇಬಿಗೇ ತುರುಕಿ, ಸೇತುವೆಯ ಕಡೆ ಓಡುನಡಿಗೆ ಹಾಕಿದ.