ಬಾಗಿಲು ತೆರೆದದ್ದಕ್ಕೆ ಬಂದ ನಗು

ಓಲ್ಡಮ್ ಊರಿನ ವಿಲ್ಫ್ ಆರ್ಮರಾಡ್ ಜನರನ್ನು ನಗಿಸಿದ್ದಕ್ಕೇ ಕೆಲಸ ಕಳೆದುಕೊಂಡವನು. ನಗಿಸಲಾರದೆ ಕೆಲಸ ಕಳೆದುಕೊಂಡ ಹಾಸ್ಯಗಾರರು ನಮ್ಮಲ್ಲಿ ಬೀದಿಗೊಬ್ಬರು ಸಿಗುತ್ತಾರೆ, ಅವರನ್ನು ಕಂಡು ಜನ ಅಯ್ಯೋ ಪಾಪ ಎನ್ನುತ್ತಾರೆ. ವಿಲ್ಫ್‌ನ ಕಥೆಯನ್ನು ಮಾತ್ರ ಯಾರೂ ನಂಬಲಿಲ್ಲ.

ಅವನು ಕಸುಬು ಕಲಿತದ್ದು ಗಿರಣಿ ಕೆಲಸಗಾರರ ಕ್ಲಬ್ಬುಗಳಲ್ಲಿ. ಅಲ್ಲಿ ಬಿಯರ್ ಮೊದಲು, ಬಿಂಗೊ ಜೂಜಾಟ ಆಮೇಲೆ, ಹಾಸ್ಯಗಾರ ಕಟ್ಟಕಡೆಗೆ. ಜೋಕು ಇನ್ನೇನು ಮುಗಿಯಬೇಕು ಅನ್ನುವಾಗ ಕ್ಲಬ್ಬಿನ ಕಾರ್ಯದರ್ಶಿ ಮೈಕು ಕಿತ್ತುಕೊಂಡು ಮಾಂಸದ ಪೈಗಳು ಬಿಸಿಬಿಸಿಯಾಗಿ ಬಂದಿವೆ ಎಂದು ಸಾರುತ್ತಿದ್ದ. ಅರ್ಧ ಸಭೆ ಎದ್ದು ಹೋಗಿ ಸಾಲು ನಿಲ್ಲುತ್ತಿತ್ತು. ಅವರು ತಟ್ಟೆ ಹಿಡಿದು ಮರಳಿದ ಮೇಲೆ ವಿಲ್ಫ್ ಬಿಟ್ಟ ಜಾಗದಿಂದಲೇ ಮುಂದುವರಿಸಬೇಕಿತ್ತು. ಆರು ವರ್ಷ ಇದನ್ನು ಮಾಡಿದವನಿಗೆ ಟೀವಿ ಸ್ಟುಡಿಯೋ ಹೂವೆತ್ತಿದಷ್ಟು ಸುಲಭವಾಯಿತು.

ಮ್ಯಾಂಚೆಸ್ಟರಿನ ಸ್ಟುಡಿಯೋದಲ್ಲಿ ಅವನದು ಸಭೆಯನ್ನು ಬೆಚ್ಚಗಿಡುವ ಕೆಲಸ. ಹಾಸ್ಯ ಧಾರಾವಾಹಿಯ ಚಿತ್ರೀಕರಣ ನೋಡಲು ಜನ ಬಸ್ಸು ಮಾಡಿಕೊಂಡು ಬರುತ್ತಿದ್ದರು. ಕ್ಯಾಮೆರಾ ಶುರುವಾಗುವ ಮುಂಚೆ, ನಡುವೆ ನಟರು ಬಟ್ಟೆ ಬದಲಿಸುವಾಗ, ಅವರು ಆಕಳಿಸದಂತೆ ನೋಡಿಕೊಳ್ಳಬೇಕು. ಆ ಕಸುಬಿಗೆ ಇದ್ದದ್ದು ಒಂದೇ ನಿಯಮ: ಒಲೆ ಹಚ್ಚು, ಅಡುಗೆ ಮಾಡಬೇಡ. ಅಡುಗೆಗೆ ನಾಯಕನಟ ಇದ್ದಾನೆ.

೧೯೭೮ರ ನವೆಂಬರಿನಲ್ಲಿ, ಲಾಂಡ್ರಿಯೊಂದರ ಕಥೆಯ ಧಾರಾವಾಹಿಯ ನಾಯಕ ಜೆರಾಲ್ಡ್ ಪೆಲ್ಲಿಂಗ್ ಮಹಾಶಯರು ತಮ್ಮ ಷರ್ಟಿನ ಕಾಲರು ಸರಿಯಿಲ್ಲವೆಂದು ಮುನಿಸಿಕೊಂಡು ಕೋಣೆಯಿಂದ ಹೊರಬರಲಿಲ್ಲ. ವಿಲ್ಫ್‌ಗೆ ಹತ್ತು ನಿಮಿಷ ಅಂದಿದ್ದು ಐವತ್ತಾಯಿತು. ಐವತ್ತು ನಿಮಿಷದಲ್ಲಿ ಅವನು ನಿಯಮ ಮರೆತ. ಜನ ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಪಕ್ಕದವರ ಹೆಗಲ ಮೇಲೆ ಬಿದ್ದು ನಕ್ಕರು. ಕೊನೆಗೂ ಪೆಲ್ಲಿಂಗ್ ದಯಮಾಡಿಸಿದಾಗ ಅವರಲ್ಲಿ ನಗು ಖಾಲಿಯಾಗಿತ್ತು. ಅವನ ಒಂದೊಂದು ಮಾತಿಗೂ ಸಭೆ ಚರ್ಚಿನಲ್ಲಿ ಕೂತಂತೆ ಕೂತಿತ್ತು.

ನಿರ್ಮಾಪಕ ವಿಲ್ಫ್‌ನನ್ನು ಪಕ್ಕಕ್ಕೆ ಕರೆದು, "ಇವತ್ತು ತುಂಬಾ ಚೆನ್ನಾಗಿ ಮಾಡಿದ್ರಿ. ಮುಂದಿನ ವಾರದಿಂದ ಬರಬೇಡಿ. ಸಾರಿ," ಎಂದ. ನಮ್ಮಲ್ಲಿ ಕತ್ತು ಕುಯ್ಯುವಾಗಲೂ ಸಾರಿ ಹೇಳುತ್ತಾರೆ, ಕುಯ್ಯಿಸಿಕೊಳ್ಳುವವರೂ ಹೇಳುತ್ತಾರೆ. ವಿಲ್ಫ್ ಹೇಳಿದ.

ಗೇಟಿನ ಹತ್ತಿರ ಧ್ವನಿಮುದ್ರಣದವನು ಓಡಿಬಂದು ಕಿವಿಯಲ್ಲಿ ಉಸುರಿದ: "ನೀನು ಮಾತಾಡುವಾಗಲೂ ಟೇಪು ಓಡ್ತಾ ಇತ್ತು ಕಣೋ. ನಿನಗೆ ಬಿದ್ದ ನಗೂನೆಲ್ಲ ಕತ್ತರಿಸಿ ಪೆಲ್ಲಿಂಗ್‌ಗೆ ಅಂಟಿಸು ಅಂದಿದಾರೆ."

ಮರುವರ್ಷ ಪೆಲ್ಲಿಂಗ್‌ಗೆ ಪ್ರಶಸ್ತಿ ಬಂತು. ವಿಲ್ಫ್‌ಗೆ ಕಾರ್ಪೆಟ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

ಅಂದಿನಿಂದ ಮೂವತ್ತನಾಲ್ಕು ವರ್ಷ ಅವನು ಕ್ಲಬ್ಬಿನಲ್ಲಿ ಇದೊಂದೇ ಕಥೆ ಹೇಳಿದ. ಗೆಳೆಯ ಕ್ಲಿಫ್ ಪ್ರತಿಸಲವೂ, "ಹೌದಪ್ಪಾ, ಚಂದ್ರನ ಮೇಲೆ ಮೊದಲು ಕಾಲಿಟ್ಟೋನೂ ನೀನೇ," ಎನ್ನುತ್ತಿದ್ದ. ಸಾಕ್ಷಿ ಇದ್ದದ್ದು ಒಬ್ಬಳೇ, ಅಂದು ಮೂರನೆಯ ಸಾಲಿನಲ್ಲಿ ಕೂತಿದ್ದ ಹೆಂಡತಿ ಮೇವಿಸ್. ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಅವತ್ತು ನಂಗೆ ತಲೆನೋವು." ಕೆಲಸ ಹೋದದ್ದಕ್ಕಿಂತ ಈ ತಲೆನೋವೇ ವಿಲ್ಫ್‌ನನ್ನು ಹೆಚ್ಚು ನೋಯಿಸಿತು. ಮನೆಯಲ್ಲಿ ಅವನು ಏನಾದರೂ ತಮಾಷೆ ಮಾಡಿದರೆ ಅವಳು ಹೆಣಿಗೆಯಿಂದ ತಲೆಯೆತ್ತದೆ, "ನಗೋದು ಇಷ್ಟ ಇರೋರಿಗೆ ಇದು ಚೆನ್ನಾಗಿರಬಹುದು," ಎಂದುಬಿಡುತ್ತಿದ್ದಳು.

ಹಣ ಕಟ್ಟಿದವರಿಗೆ ದಿನವಿಡೀ ಬರೀ ಹಾಸ್ಯವನ್ನೇ ಬಡಿಸುವ ವಾಹಿನಿಯೊಂದು ಆ ಹಳೆಯ ಲಾಂಡ್ರಿ ಧಾರಾವಾಹಿಯನ್ನು ಮತ್ತೆ ಹಾಕುತ್ತದೆಂದು ತಿಳಿದ ವಾರದಲ್ಲೇ ವಿಲ್ಫ್ ಗೋಡೆಗೆ ಡಿಶ್ ಹಾಕಿಸಿದ. ಮೊದಲ ಸಲ ಪ್ರಸಾರವಾದಾಗ ಅವನು ಸಿಟ್ಟಿನಿಂದ ಟೀವಿಯನ್ನೇ ಹಚ್ಚಿರಲಿಲ್ಲ.

"ಬಿಟ್ಟಿ ಬಂದಾಗ ನೋಡದ್ದನ್ನ ಈಗ ತಿಂಗಳು ತಿಂಗಳು ದುಡ್ಡು ತೆತ್ತು ನೋಡ್ತೀಯಾ?" ಎಂದಳು ಮೇವಿಸ್. "ತಲೇಲಿ ಏನು ತುಂಬಿದೆ ಮಾರಾಯ ನಿಂಗೆ?"

"ನನ್ನ ನಗು ಅದು. ವಾಪಸು ತಗೋತಾ ಇದೀನಿ."

ಭಾನುವಾರ ಮಧ್ಯಾಹ್ನ ಕ್ಲಿಫ್ ನ್ಯಾಯಾಧೀಶನಾಗಿ ಬಂದು, ಚಹಾ ಬಿಸ್ಕತ್ತು ಹಿಡಿದು ಸೋಫಾದಲ್ಲಿ ಕೂತ. ಅವನು ಒಪ್ಪಿದರೆ ಕ್ಲಬ್ಬೇ ಒಪ್ಪಿದ ಹಾಗೆ. ಪೆಲ್ಲಿಂಗ್ ಮಾತಾಡಿದ, ಜನ ನಕ್ಕರು.

"ಇದು ನನ್ನದು," ಎಂದ ವಿಲ್ಫ್. ಮತ್ತೆ ನಕ್ಕರು. "ಇದೂ ನನ್ನದೇ."

"ನಗು ಅಂದ್ರೆ ನಗು ಕಣೋ. ಅದರ ಮೇಲೆ ನಿನ್ನ ಹೆಸರು ಬರೆದಿದೆಯಾ?"

ವಿಲ್ಫ್ ಟೀವಿಯ ದನಿ ಏರಿಸಿದ. ತನ್ನ ನಗುವನ್ನು ಸಾವಿರದಲ್ಲಿ ಗುರುತಿಸುತ್ತೇನೆಂದು ಅವನು ನಂಬಿದ್ದ. ಈಗ ಕೇಳಿದರೆ ಅದು ಯಾರದೋ ನಗುವಿನಂತಿತ್ತು. ನಾನೇ ಕಟ್ಟಿಕೊಂಡ ಕಥೆಯೋ ಏನೋ ಎಂದು ಮೊದಲ ಸಲ ಹೆದರಿದ.

ಅಷ್ಟರಲ್ಲಿ ಪೆಲ್ಲಿಂಗ್ ಲಾಂಡ್ರಿಯ ಬಾಗಿಲು ತೆರೆದ. ಮಾತಿಲ್ಲ, ಕಥೆಯಿಲ್ಲ, ಸುಮ್ಮನೆ ಬಾಗಿಲು ತೆರೆದ. ಅದಕ್ಕೆ ಸಭೆ ಛಾವಣಿ ಹಾರುವಂತೆ ಗೊಳ್ಳೆಂದಿತು. ಅದೆಲ್ಲದರ ಮೇಲೆ ಒಂದು ಹೆಣ್ಣುದನಿ, ಕುದಿಯುವ ಕೆಟಲ್ಲಿನಂತೆ ಸಿಳ್ಳೆ ಹಾಕುತ್ತ ಏರಿ, ಮೂರು ಬಿಕ್ಕಳಿಕೆಯಲ್ಲಿ ಮುಗಿಯಿತು.

ಕ್ಲಿಫ್‌ನ ಬಿಸ್ಕತ್ತು ಚಹಾದಲ್ಲಿ ಮುಳುಗಿತು. "ಮೇವಿಸ್! ಇದು ನೀನು! ನನ್ನ ಮದುವೇಲಿ ಪಾದ್ರಿ ಜಾರಿಬಿದ್ದಾಗ ಹೀಗೇ ನಕ್ಕಿದ್ದೆ!"

ಮೇವಿಸ್ ಹೆಣಿಗೆಯನ್ನು ತೊಡೆಯ ಮೇಲಿಟ್ಟಳು. "ಹೌದು. ನಾನೇ."

"ಬಾಗಿಲು ತೆಗೆದದ್ದಕ್ಕಾ?" ಎಂದ ಕ್ಲಿಫ್.

"ಆ ಮೂತಿ ಬಾಗಿಲು ತೆಗೆದ್ರೆ ನಾನ್ಯಾಕೆ ನಗ್ಲಿ? ಇವನು ಏನೋ ಅಂದ. ನನ್ನ ಸ್ಕರ್ಟಿನ ಗುಂಡಿ ಕಿತ್ತು ಮುಂದಿನ ಸಾಲಿಗೆ ಹಾರ್ತು."

"ಮತ್ತೆ ಇಷ್ಟು ವರ್ಷ ತಲೆನೋವು ತಲೆನೋವು ಅಂದ್ಯಲ್ಲೇ!" ವಿಲ್ಫ್ ಕುರ್ಚಿಯಿಂದ ಎದ್ದು ನಿಂತ.

"ನಕ್ಕೆ ಅಂದಿದ್ರೆ ನೀನು ಕಾರ್ಪೆಟ್ ಬಿಟ್ಟು ಮತ್ತೆ ಜೋಕು ಹೇಳ್ತಾ ಕ್ಲಬ್ ಸುತ್ತೋಕೆ ಹೋಗ್ತಿದ್ದೆ. ಮನೇಲಿ ಎರಡು ಕೂಸು. ನಂಗೆ ಅವತ್ತು ಬೇಕಾಗಿದ್ದು ಸಂಬಳ ತರೋನು." ಅವಳು ಕಣ್ಣೊರೆಸಿಕೊಂಡಳು. "ನಿನಗೆ ಅನ್ಯಾಯ ಮಾಡಿದೆ ಅಂತ್ಲೇ ಇಟ್ಕೋ. ಜನ್ಮದಲ್ಲಿ ಅಷ್ಟು ನಕ್ಕಿಲ್ಲ ನಾನು."

ವಿಲ್ಫ್‌ಗೆ ಸಂತೋಷವೂ ಸಿಟ್ಟೂ ಒಟ್ಟಿಗೇ ಉಕ್ಕಿ ಬಂದವು. ಕ್ಲಿಫ್ ಎದ್ದು ಅವನ ಕೈ ಕುಲುಕಿದ. "ಕ್ಲಬ್ಬಲ್ಲಿ ನಾನೇ ಹೇಳ್ತೀನಿ. ಅದ್ಸರಿ, ಯಾವ ಜೋಕು ಅದು? ಹೇಳು, ಕೇಳೋಣ."

"ಹೂಂ, ಹೇಳು," ಎಂದಳು ಮೇವಿಸ್. "ನಂಗೆ ಗುಂಡಿ ಹಾರಿದ್ದಷ್ಟೇ ನೆನಪು."

ವಿಲ್ಫ್ ಟೀವಿಯ ಮುಂದೆ ಹೋಗಿ, ಕೋಟು ಎಳೆದು ಸರಿಮಾಡಿಕೊಂಡು, ಬಾಯಿ ತೆರೆದ. ಉಣ್ಣೆಯ ಕಾರ್ಪೆಟ್ಟಿನ ಅಗಲ ನೆನಪಿಗೆ ಬಂತು, ನೈಲಾನಿನದೂ ಬಂತು, ಮೆಟ್ಟಿಲಿಗೆ ಹಾಸುವ ಪಟ್ಟಿಯ ಹದಿನಾಲ್ಕು ಬಣ್ಣಗಳು ಸಾಲಾಗಿ ಬಂದವು. ಜೋಕು ಬರಲಿಲ್ಲ. ಬೆನ್ನ ಹಿಂದೆ ಟೀವಿಯಲ್ಲಿ ಜನ ಇನ್ನೂ ನಗುತ್ತಲೇ ಇದ್ದರು. ವಿಲ್ಫ್ ಮೆಲ್ಲಗೆ ಅವರತ್ತ ತಿರುಗಿ, ಅವರಲ್ಲಿ ಯಾರಾದರೊಬ್ಬರು ಹೇಳಿಯಾರು ಎಂಬಂತೆ ಕಿವಿಗೊಟ್ಟು ನಿಂತ.