ಗುಡ್ಡಕ್ಕೆ ಹುಟ್ಟಿದ ಲಾರಿಗೆ ಟಾರು ರಸ್ತೆ

ಕಬ್ಬು ತುಂಬಿದ ಟ್ರಾಕ್ಟರೊಂದು ನನ್ನ ಲಾರಿಯನ್ನು ಹಿಂದೆ ಹಾಕಿದಾಗ ನನಗೆ ಅಷ್ಟೇನೂ ಬೇಸರವಾಗಲಿಲ್ಲ. ಬೇಸರವಾದದ್ದು, ಪಕ್ಕಕ್ಕೆ ಬಂದಾಗ ಅದರ ಡ್ರೈವರು ನನ್ನತ್ತ ತಿರುಗಿ, ‘ಪಾಪ’ ಎನ್ನುವಂತೆ ತಲೆಯಾಡಿಸಿದ್ದಕ್ಕೆ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಕರುಣರಸವನ್ನು ಎಷ್ಟು ತರಗತಿಗಳಿಗೆ ವಿವರಿಸಿದ್ದೇನೋ! ಅದು ನನ್ನ ಮೇಲೆಯೇ ಪ್ರಯೋಗವಾದದ್ದು ಹನೂರಿಗೂ ಕಾಮಗೆರೆಗೂ ನಡುವಿನ ರಸ್ತೆಯಲ್ಲಿ, ಹಾಡಹಗಲಲ್ಲಿ.

ಮೇಷ್ಟ್ರಿಗೆ ಲಾರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜೆಯೂ ಕೇಳಿದ್ದಳು. ನಾವಿರುವುದು ಕೊಳ್ಳೇಗಾಲದಲ್ಲಿ. ಅವಳ ತಂದೆಯಿಂದ ಬಂದ ಹಿಪ್ಪುನೇರಳೆ ತೋಟ ಇರುವುದು ಹೂಗ್ಯಂ ಊರಾಚೆ, ಕಾಡಿನ ಅಂಚಿನಲ್ಲಿ. ತೋಟಕ್ಕೂ ಊರಿಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಅದನ್ನು ಹಳ್ಳ ಎಂದರೆ ಯಾರೂ ನಂಬುವುದಿಲ್ಲ. ಮಳೆ ಬಂದರೆ ಮಾತ್ರ ಹೆಸರು ಉಳಿಸಿಕೊಳ್ಳುತ್ತದೆ. ಒಂದು ಸಲ ಬೆಳೆದ ರೇಷ್ಮೆಗೂಡನ್ನೆಲ್ಲ ಹಳ್ಳದ ಈಚೆ ದಡದಲ್ಲಿಟ್ಟುಕೊಂಡು, ಆಚೆ ದಡದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ ಗೂಡ್ಸ್ ಆಟೋವನ್ನು ನಾವೂ ನೋಡುತ್ತ ಎರಡು ದಿನ ಕಳೆದೆವು. ಅಷ್ಟರಲ್ಲಿ ಗೂಡು ಕೊರೆದುಕೊಂಡು ಚಿಟ್ಟೆಗಳು ಆಚೆ ಬಂದವು. ಚಿಟ್ಟೆ ತೂತು ಮಾಡಿದ ಗೂಡಿನಿಂದ ನೂಲು ತೆಗೆಯಲಾಗದು. ಸೇನೆಯವರು ವಿಲೇವಾರಿ ಮಾಡಿದ ಹಳೆಯ ಲಾರಿಯೊಂದು ಮಾರಾಟಕ್ಕಿದೆ, ನಾಲ್ಕೂ ಗಾಲಿ ಎಳೆಯುತ್ತದೆ, ಮರ ಹತ್ತು ಎಂದರೂ ಹತ್ತುತ್ತದೆ ಎಂದು ಯಾರೋ ಹೇಳಿದ್ದು ಆ ವಾರದಲ್ಲೇ.

ಹತ್ತುತ್ತಿತ್ತು ನಿಜ. ಹಳ್ಳವನ್ನು ಅದು ದಾಟುವುದನ್ನು ನೋಡಿ ಊರಿನವರು ಶಿಳ್ಳೆ ಹಾಕಿದ್ದರು. ತೊಂದರೆ ಶುರುವಾಗುತ್ತಿದ್ದದ್ದು ಟಾರು ರಸ್ತೆ ಸಿಕ್ಕಿದ ಮೇಲೆ. ಗಂಟೆಗೆ ಮೂವತ್ತೈದು ಕಿಲೋಮೀಟರು ದಾಟಿದರೆ ಇಂಜಿನ್ನು ಕಿರುಚುತ್ತಿತ್ತು, ಟೈರುಗಳು ಗೋಳಾಡುತ್ತಿದ್ದವು, ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದರೂ ಗಾಲಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಬರೀ ಗುರುವೇ ತುಂಬಿದ ಸಾಲು ಅದು, ಹುಡುಕಿದರೂ ಒಂದು ಲಘು ಇರಲಿಲ್ಲ. ಗಿರಿಜೆ ಎರಡು ಸಲ ನನ್ನ ಪಕ್ಕ ಕೂತು ಬಂದಳು. ಮೂರನೆಯ ಸಲ ರಾಮಾಪುರದಲ್ಲಿ ಇಳಿದು, “ನೀವು ಬನ್ನಿ, ನಾನು ಬಸ್ಸಲ್ಲಿ ಹೋಗ್ತೀನಿ” ಎಂದಳು. ನಾನು ಕೊಳ್ಳೇಗಾಲದ ಮನೆ ಸೇರುವಷ್ಟರಲ್ಲಿ ಅವಳು ಅನ್ನ ಸಾರು ಮಾಡಿ, ಉಂಡು, ಒಂದು ನಿದ್ದೆ ಮುಗಿಸಿದ್ದಳು. ದೂರಲಿಲ್ಲ, ಹಂಗಿಸಲಿಲ್ಲ. ನನ್ನ ತಟ್ಟೆಯ ಮೇಲೆ ಮುಚ್ಚಿದ್ದ ಇನ್ನೊಂದು ತಟ್ಟೆಯೇ ಎಲ್ಲವನ್ನೂ ಹೇಳಿತು.

ಟ್ರಾಕ್ಟರಿನವನ ಕರುಣೆ ಇದಾದ ಮೇಲಿನದು. ಮಾರನೆಯ ದಿನವೇ ಲಾರಿಯನ್ನು ಯಳಂದೂರು ತಾಲ್ಲೂಕಿನ ಅಗರಕ್ಕೆ ಹೊಡೆದುಕೊಂಡು ಹೋದೆ. ಅಲ್ಲಿ ಮಲ್ಲಣ್ಣ ಇದ್ದಾರೆ. ಸೇನೆಯಲ್ಲಿ ಇಂಥದೇ ಲಾರಿಗಳನ್ನು ಹಿಮದಲ್ಲೂ ಮರಳಲ್ಲೂ ಓಡಿಸಿ ನಿವೃತ್ತರಾಗಿ, ಈಗ ಬತ್ತ ಬೆಳೆದುಕೊಂಡಿರುವವರು. ಗದ್ದೆಯಿಂದ ಬಂದವರು ಕಾಲಿನ ಕೆಸರೂ ತೊಳೆಯದೆ ಲಾರಿಯನ್ನು ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಬಹಳ ವರ್ಷದ ಮೇಲೆ ನೆಂಟರನ್ನು ನೋಡಿದವರ ಮುಖವಾಗಿತ್ತು ಅದು.

“ಇದ್ರದ್ದೇನೂ ತಪ್ಪಿಲ್ಲ ಸಾ,” ಎಂದರು. “ಇದು ಗುಡ್ಡಕ್ಕೆ ಉಟ್ಟಿರಾ ಗಾಡಿ. ಇದ್ನ ರೋಡ್ನಲ್ಲಿ ಓಡು ಓಡು ಅಂತ ಒಡುದ್ರೆ ಅದಾದ್ರೂ ಏನ್ ಮಾಡದು?”

“ಇನ್ನೂ ದೊಡ್ಡ ಇಂಜಿನ್ ಹಾಕಿಸೋಣ ಅಂತ ಯೋಚನೆ ಮಾಡಿದೀನಿ, ಮಲ್ಲಣ್ಣ.”

“ಇಂಜಿನ್ ಸುದ್ದಿಗೆ ಓಗ್ಬ್ಯಾಡಿ. ಮೊದ್ಲು ಗಾಳಿ ಒಡ್ಸಿ.”

ನನಗೆ ನಗು ಬಂತು. ಆದರೆ ಕೆಸರಿನಲ್ಲಿ ಹಿಡಿತ ಸಿಗಲೆಂದು ಹಿಂದಿನ ಮಾಲೀಕ ಟೈರುಗಳ ಗಾಳಿ ಇಳಿಸಿದ್ದನಂತೆ. ನಾನು ಅದೇ ಗಾಳಿಯಲ್ಲಿ ಅಷ್ಟು ತಿಂಗಳು ಡಾಂಬರಿನ ಮೇಲೆ ತೆವಳಿದ್ದೆ. ಸರಿಯಾಗಿ ಗಾಳಿ ತುಂಬಿದ್ದಷ್ಟಕ್ಕೇ ಲಾರಿ ಒಂದು ಮೂಟೆ ಕೆಳಗಿಳಿಸಿದಂತೆ ಹಗುರವಾಯಿತು. ಇಷ್ಟೆಲ್ಲ ಓದಿದವನಿಗೆ ಗಾಳಿಯ ವಿಷಯ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆಮೇಲೆ ಮಲ್ಲಣ್ಣ ಬೆರಳು ಮಡಿಚಿ ಮಡಿಚಿ ಹೇಳಿದರು. ಇಟ್ಟಿಗೆಯಂಥ ಉಬ್ಬುಗಳಿರುವ ಟೈರು ತೆಗೆದು ರಸ್ತೆಗೂ ಕೆಸರಿಗೂ ಹೊಂದುವ ಟೈರು ಹಾಕಬೇಕು. ಮುಂದಿನ ಗಾಲಿಗಳು ಸದಾ ಒಳಗಿನ ಗೇರುಗಳನ್ನು ಸುಮ್ಮನೆ ತಿರುಗಿಸಿಕೊಂಡು ಬರುತ್ತವೆ, ಬೇಕಾದಾಗ ಮಾತ್ರ ಕೂಡಿಸಿ, ಬೇಡವಾದಾಗ ಬಿಡಿಸುವಂಥ ಬೀಗವನ್ನು ಗಾಲಿಯ ನಡುವೆ ಹಾಕಬೇಕು. ಹಿಂದಿನ ಮುಂದಿನ ಅಚ್ಚುಗಳೊಳಗಿನ ಗೇರಿನ ಜೋಡಿ ಬದಲಾಯಿಸಬೇಕು. ಆಗ ಇಂಜಿನ್ನು ಅಷ್ಟೇ ತಿರುಗಿದರೂ ಗಾಲಿ ಹೆಚ್ಚು ಉರುಳುತ್ತದೆ. ಎರಡೂ ಅಚ್ಚಿಗೆ ಒಂದೇ ಲೆಕ್ಕದ ಜೋಡಿ ಬೇಕು. “ಮುಂದಿನ್ದು ಒಂದು ಇಂದಿನ್ದು ಒಂದು ಆದ್ರೆ, ಗಂಡ ಎಂಡ್ತಿ ಒಂದೊಂದು ದಿಕ್ಕಿಗೆ ಎಳ್ದಂಗೆ, ನಡುವೆ ಇರೋದು ಮುರೀತದೆ.” ಕೊನೆಯ ಬೆರಳು ಮಡಿಚುವ ಮುನ್ನ ನನ್ನ ಮುಖ ನೋಡಿದರು. “ಇದ್ಯಾವ್ದೂ ಮಾಡಕ್ಕಿಂತ ಮುಂಚೆ ಬ್ರೇಕು ಸಾ. ಓಡಾದ್ನ ಕಲ್ಸಕ್ಕೆ ಮುಂಚೆ ನಿಲ್ಲಾದ್ನ ಕಲಿಸ್ಬೇಕು.”

ಇಲ್ಲಿ ನನ್ನ ತಪ್ಪೊಪ್ಪಿಗೆ. ಬ್ರೇಕಿನ ಮಾತು ನನಗೆ ಉಪದೇಶದಂತೆ ಕೇಳಿಸಿತು. ಮೂವತ್ತೈದರ ವೇಗದಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಓಟ. ಬ್ರೇಕಿನ ಕೆಲಸವನ್ನು ಮುಂದಿನ ತಿಂಗಳಿಗೆ ತಳ್ಳಿದೆ. ಮಲ್ಲಣ್ಣನಿಗೆ ಆಗಿದೆ ಎಂದೇನೂ ಹೇಳಲಿಲ್ಲ, ಆಗಿಲ್ಲ ಎಂದೂ ಹೇಳಲಿಲ್ಲ. ಪಾಠ ಮಾಡದೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವರು ಹೀಗೇ ಮಾಡುವುದು.

ಉಳಿದ ಕೆಲಸವೆಲ್ಲ ನಡೆದದ್ದು ಕೊಳ್ಳೇಗಾಲದ ಜಯಂತಿಯ ಲೇತ್ ಶಾಪಿನಲ್ಲಿ. ತಂದೆ ಹಾಸಿಗೆ ಹಿಡಿದ ಮೇಲೆ ಲೇತಿನ ಮುಂದೆ ನಿಂತವಳು ಆಕೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ತತ್ಸಮ ತದ್ಭವಗಳನ್ನು ಕೊನೆಯವರೆಗೂ ಅದಲು ಬದಲು ಮಾಡಿದವಳು, ಕಬ್ಬಿಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದಳು. ಸ್ಟೇರಿಂಗಿನ ಸವೆದ ಬುಷ್‌ಗಳನ್ನು ಹೊಸದಾಗಿ ಕಡೆದಳು. ಗುಜರಿ ಸೇರಿದ ಎರಡು ಲಾರಿಗಳಿಂದ ಸಿಕ್ಕ ಗೇರಿನ ಜೋಡಿಗಳ ಹಲ್ಲುಗಳನ್ನು ಎರಡೆರಡು ಸಲ ಎಣಿಸಿ, ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆಯೇ ಕೂರಿಸಿದಳು. “ಬ್ರೇಕು ಸಾರ್?” ಎಂದು ಕೇಳಿದಳು. “ಅದು ಆಮೇಲೆ” ಎಂದೆ. ಅವಳು ಮತ್ತೆ ಲೇತಿನತ್ತ ತಿರುಗಿದಳು. ಮೇಷ್ಟ್ರಿಗೆ ಎದುರಾಡಬಾರದೆಂದು ನಾವೇ ಕಲಿಸಿದ್ದೆವಲ್ಲ.

ಮೊದಲ ಓಟಕ್ಕೆ ಹನೂರು ಕಡೆ ಹೊರಟೆ. ನಲವತ್ತಾಯಿತು, ಐವತ್ತಾಯಿತು, ಇಂಜಿನ್ನು ಕಿರುಚಲಿಲ್ಲ. ಐವತ್ತೈದರಲ್ಲಿ ನಾನು ಗಟ್ಟಿಯಾಗಿ ಹಾಡುತ್ತಿದ್ದೆ. ಕಾಮಗೆರೆಯ ಹತ್ತಿರ ತಿರುವು ಮುಗಿಯುತ್ತಿದ್ದಂತೆ ರಸ್ತೆಯ ತುಂಬ ಕುರಿಗಳು, ಕುರಿಗಳ ಹಿಂದೆ ಬಿಳಿ ಪಂಚೆಯ ಮುದುಕರೊಬ್ಬರು. ಬ್ರೇಕು ತುಳಿದೆ. ಲಾರಿ ನಿಲ್ಲಲಿಲ್ಲ, ಬಲಕ್ಕೆ ಎಳೆಯಿತು. ಮತ್ತೆ ತುಳಿದೆ. ಕುರಿಗಳ ಬೆನ್ನು, ಮುದುಕರ ಪಂಚೆ, ಹುಣಸೆಮರ ಎಲ್ಲ ಒಟ್ಟಿಗೆ ನನ್ನತ್ತ ಬಂದವು. ಎಳೆದ ಕಡೆಗೇ ಸ್ಟೇರಿಂಗ್ ತಿರುಗಿಸಿಬಿಟ್ಟೆ. ಲಾರಿ ರಸ್ತೆ ಬಿಟ್ಟು, ಹುಣಸೆಮರವನ್ನೂ ತಪ್ಪಿಸಿಕೊಂಡು, ಉತ್ತು ಬಿಟ್ಟಿದ್ದ ಹೊಲಕ್ಕೆ ಇಳಿದು, ಹೆಂಟೆಗಳ ಮೇಲೆ ಕುಲುಕಾಡಿ ನಿಂತಿತು.

ಇಂಜಿನ್ನು ಆರಿಸಿದೆ. ಸ್ಟೇರಿಂಗ್ ಹಿಡಿದುಕೊಂಡು ಕೂತೇ ಇದ್ದೆ. ಮುದುಕರು ಹೊಲಕ್ಕಿಳಿದು ಬಂದು ಬಾಗಿಲ ಹತ್ತಿರ ನಿಂತರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಗಾಬ್ರಿ ಆಯ್ತಾ ಸಾ? ಒಂದು ಕುರೀಗೂ ಏನೂ ಆಗಿಲ್ಲ. ನೀರು ಕುಡೀರಿ,” ಎಂದು ತಮ್ಮ ಬಾಟಲಿ ಚಾಚಿದರು. ನಾನು ಕುಡಿಯುವಾಗ ಅವರು ಲಾರಿಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: “ಒಸಾ ಗಾಡಿಯಾ?”

ಆ ಪ್ರಶ್ನೆಗೆ ನನಗೇ ಗೊತ್ತಿಲ್ಲದೆ ಅಳು ಬಂತು. ಅವರ ಕೈ ಹಿಡಿದುಕೊಂಡೆ. ಆ ಕೈ ಬೆಚ್ಚಗಿತ್ತು. ಅದು ಬೆಚ್ಚಗಿದೆ ಎಂಬುದೇ ಆ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಸುದ್ದಿಯಾಗಿತ್ತು.

ಹೊಲದಿಂದ ನಾಲ್ಕೂ ಗಾಲಿ ಕೂಡಿಸಿ ಲಾರಿಯನ್ನು ಮೇಲೆ ತಂದೆ, ಕೊಳ್ಳೇಗಾಲದವರೆಗೂ ನಡಿಗೆಯ ವೇಗದಲ್ಲಿ ಬಂದೆ. ಜಯಂತಿಯ ಶಾಪಿನ ಮುಂದೆ ನಿಲ್ಲಿಸಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಮಲ್ಲಣ್ಣನಿಗೂ ಫೋನು ಮಾಡಿ ಹೇಳಿದೆ. “ನಾಳಿಕ್ಕೆ ಬತ್ತೀನಿ,” ಎಂದಷ್ಟೇ ಅಂದರು. ಬಂದರು. ನಾಲ್ಕು ಗಾಲಿಗಳ ಬ್ರೇಕನ್ನೂ ಬಿಚ್ಚಿ ಹರವಿದರು. ಸೋರುತ್ತಿದ್ದದ್ದು ಎರಡು ಕಡೆ, ಅಂಟಿಕೊಂಡಿದ್ದದ್ದು ಒಂದು ಕಡೆ. ಎಲ್ಲ ಹೊಸದಾಯಿತು, ಜೊತೆಗೆ ಕಾಲಿನ ಒತ್ತಡಕ್ಕೆ ಬಲ ಕೊಡುವ ಡಬ್ಬಿಯೊಂದು ಸೇರಿತು. ಜಯಂತಿ ನನ್ನನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಓಡಿಸಿ, ಇಪ್ಪತ್ತು ಸಲ ನಿಲ್ಲಿಸಿದಳು. “ಇನ್ನೊಂದ್ಸಲ ಸಾರ್” ಎನ್ನುವಾಗ ಅವಳ ದನಿ ಥೇಟ್ ನನ್ನದೇ.

ನಿಜವಾದ ಪರೀಕ್ಷೆ ಬಂದದ್ದು ಮಳೆಗಾಲದಲ್ಲಿ. ತೋಟದ ಪಕ್ಕದ ಪುಟ್ಟಮಾದಮ್ಮನದೂ ನಮ್ಮದೂ ಒಟ್ಟಿಗೆ ಗೂಡು ಬಿಡಿಸುವ ಹೊತ್ತು. ಮೂರು ದಿನ ಬಿಡದೆ ಸುರಿದ ಮಳೆಗೆ ಹಳ್ಳ ತುಂಬಿತು, ಆಟೋದವರು ಬರುವುದಿಲ್ಲ ಎಂದರು. ನಾಲ್ಕನೆಯ ಬೆಳಿಗ್ಗೆ ನೀರು ಸ್ವಲ್ಪ ಇಳಿದಿತ್ತು. ಪುಟ್ಟಮಾದಮ್ಮ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, “ಮೇಷ್ಟ್ರೇ, ಇವತ್ತು ಬುಟ್ರೆ ಇಲ್ಲ. ನಾಳಿಕ್ಕೆ ಚಿಟ್ಟೆ ಆಚ್ಗೆ ಬತ್ತದೆ,” ಎಂದಳು. ಗಂಡ ತೀರಿಕೊಂಡ ಮೇಲೆ ಅವಳು ಒಬ್ಬಳೇ ನಿಂತು ಮಾಡಿದ ಮೊದಲ ಬೆಳೆ ಅದು. ಹುಳ ಹಣ್ಣಾಗಿ ಗೂಡು ಕಟ್ಟಿದ ವಾರವೆಲ್ಲ ಅವಳು ಸರಿಯಾಗಿ ಮಲಗಿರಲಿಲ್ಲ ಎಂಬುದು ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು.

ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವುದರೊಳಗೆ ಕೊಳ್ಳೇಗಾಲ ಸೇರಬೇಕು. ಮಲ್ಲಣ್ಣ ಹಳ್ಳ ತುಂಬುವ ಮುಂಚೆಯೇ ನನ್ನ ಜೊತೆ ಲಾರಿಯಲ್ಲಿ ಬಂದು ನಮ್ಮ ತೋಟದಲ್ಲಿದ್ದರು. ನೆರವಿಗೆಂದು ಅವರು ಹೇಳಿದರು, ನನ್ನ ಮೇಲಿನ ಅಪನಂಬಿಕೆಯಿಂದ ಎಂದು ನನಗೆ ಗೊತ್ತಿತ್ತು. ಗೂಡು ಬಿಸಿಯಾಗದಂತೆ ತೆಳ್ಳಗೆ ಹರವಿ, ಮೇಲೆ ಟಾರ್ಪಾಲು ಕಟ್ಟಿದೆವು. ಮಳೆಯಲ್ಲೇ ಇಳಿದು ಮುಂದಿನ ಗಾಲಿಗಳ ಬೀಗ ತಿರುಗಿಸಿದೆ. ನನ್ನ ಭಯ ಒಂದೇ: ರಸ್ತೆಯ ಓಟಕ್ಕೆಂದು ಗೇರು ಬದಲಾಯಿಸಿ, ಹಳ್ಳ ಹತ್ತುವ ಶಕ್ತಿಯನ್ನೇ ಕಳೆದಿದ್ದೇನೆಯೇ? ನೀರು ಗಾಲಿಯ ಅರ್ಧಕ್ಕೆ ಬಂತು. ಆಚೆ ದಡ ಏರುವಾಗ ಲಾರಿ ನರಳಿತು, ಮೂಗು ಮೇಲೆತ್ತಿ ಅಲ್ಲೇ ನಿಂತಂತಾಯಿತು.

“ಗಿಡ್ಡ ಗೇರಿಗಾಕಿ, ಕಾಲ್ ತೆಗೀಬ್ಯಾಡಿ, ತುಳೀಲೂಬ್ಯಾಡಿ. ಅದ್ರ ಪಾಡ್ಗೆ ಅದು ಅತ್ತದೆ,” ಎಂದರು ಮಲ್ಲಣ್ಣ.

ಹತ್ತಿತು. ಜೊತೆಗೆ ಕೂತಿದ್ದ ಪುಟ್ಟಮಾದಮ್ಮ ಬೆಟ್ಟದ ದೇವರು ಮಾದಪ್ಪನ ಹೆಸರು ಹೇಳಿದಳು, ನಾನೂ ಹೇಳಿದೆ.

ಟಾರು ರಸ್ತೆಯಲ್ಲಿ ಮುಂದಿನ ಗಾಲಿಗಳ ಬೀಗ ಬಿಡಿಸಿ ಹೊರಟರೆ, ರಾಮಾಪುರ, ಹನೂರು, ಮಂಗಲ ಒಂದೊಂದಾಗಿ ಹಿಂದೆ ಸರಿದವು. ಮಧುವನಹಳ್ಳಿಯ ಹತ್ತಿರ ನಮ್ಮ ಮುಂದಿದ್ದ ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಬ್ರೇಕು ತುಳಿದೆ. ಲಾರಿ ಗೆರೆ ಎಳೆದಂತೆ ನೇರವಾಗಿ, ಒದ್ದೆ ರಸ್ತೆಯಲ್ಲಿ ಒಂದಿಷ್ಟೂ ಜಾರದೆ, ಬಸ್ಸಿನಿಂದ ಮಾರುದೂರದಲ್ಲಿ ನಿಂತಿತು. ಮಲ್ಲಣ್ಣ ನನ್ನತ್ತ ನೋಡಲಿಲ್ಲ, ಮೀಸೆಯಡಿ ಮಾತ್ರ ಏನೋ ಅಲುಗಿತು. ಎದೆಯ ಮೇಲೆ ತಿಂಗಳುಗಟ್ಟಲೆ ಕೂತಿದ್ದ ಕಲ್ಲೊಂದು ಆಗ ಇಳಿದು ಹೋಯಿತು.

ಹರಾಜಿಗೆ ಇನ್ನೂ ಸಮಯವಿತ್ತು. ನೂಲು ತೆಗೆಯುವವರೊಬ್ಬರು ಪುಟ್ಟಮಾದಮ್ಮನ ಗೂಡಿಗೆ ಕೈ ಹಾಕಿ, ಹಿಡಿ ತುಂಬ ಎತ್ತಿ, “ಗಟ್ಟಿ ಗೂಡು ಕಣಮ್ಮ. ಯಾರು ಸಾಕಿದ್ದು?” ಎಂದು ಕೇಳಿದರು. “ನಾನೇ,” ಎಂದಳು. ದನಿ ಸಣ್ಣದಿತ್ತು, ಇನ್ನೊಮ್ಮೆ ಗಟ್ಟಿಯಾಗಿ, “ನಾನೇ ಕಣ್ರಿ,” ಎಂದಳು. ಒಳ್ಳೆಯ ಬೆಲೆಗೇ ಹೋಯಿತು.

ಊಟ ಮುಗಿಸಿ ಮೂವರೂ ಹೂಗ್ಯಂಗೆ ವಾಪಸು ಹೊರಟೆವು. ಮಳೆ ನಿಂತಿತ್ತು, ರಸ್ತೆ ಖಾಲಿಯಿತ್ತು. ಲಾರಿಯೂ ಖಾಲಿ. “ತುಳೀರಿ ಸಾ, ಅರವತ್ತು ಆರಾಮಾಗಿ ಓಯ್ತದೆ,” ಎಂದರು ಮಲ್ಲಣ್ಣ. ಹೋಗುತ್ತದೆಂದು ನನಗೂ ಗೊತ್ತಿತ್ತು. ವಿಚಿತ್ರವೆಂದರೆ, ಹೋಗುತ್ತದೆ ಎಂದು ಗೊತ್ತಾದ ಮೇಲೆ ಹೋಗಲೇಬೇಕೆಂಬ ಹಟವೇ ಇರಲಿಲ್ಲ. ಪಕ್ಕಕ್ಕೆ ನೋಡಿದೆ. ನಮ್ಮಿಬ್ಬರ ನಡುವೆ ಕೂತಿದ್ದ ಪುಟ್ಟಮಾದಮ್ಮ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದಳು. ಇಂಜಿನ್ನಿನ ಸದ್ದು ಅವಳನ್ನು ಮುಟ್ಟುತ್ತಿರಲಿಲ್ಲ.

ನಾನು ಕಣ್ಸನ್ನೆ ಮಾಡಿದೆ. ಮಲ್ಲಣ್ಣನೂ ಅವಳನ್ನು ನೋಡಿ ತಲೆದೂಗಿದರು. ಅವಳ ನಿದ್ದೆ ಕೆಡದಿರುವಷ್ಟು ವೇಗ ಎಷ್ಟೆಂದು ಹುಡುಕುತ್ತ, ಗುಂಡಿ ತಪ್ಪಿಸುತ್ತ, ಊರಿನವರೆಗೂ ಹಾಗೇ ಓಡಿಸಿಕೊಂಡು ಹೋದೆ.