ಅಣ್ಣ ಹುಡುಕಿದ ಕುಂದುಗಳು

ನಮ್ಮ ಅಂಗಡಿಯ ಅಟ್ಟದ ಮೇಲೆ ಆ ಗಿಟಾರ್ ಹನ್ನೊಂದು ವರ್ಷ ಬಿದ್ದಿತ್ತು. ಅಲ್ಲಿಗೆ ಎಸೆದವನು ನಾನೇ. 'ಇಟ್ಟೆ' ಎಂದು ಬರೆಯಲು ಹೊರಟಿದ್ದೆ, ಆದರೆ ಈ ವಯಸ್ಸಿನಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು? ಎಸೆದೆ. ಬಿದ್ದಾಗ ಅದರ ಬೆನ್ನು ಸೀಳಿದ ಸದ್ದು ನನಗೆ ಕೇಳಿಸಿತ್ತು. ಕೇಳಿಸಿ ಒಂದು ಥರ ಸಮಾಧಾನವೂ ಆಗಿತ್ತು.

ಅಪ್ಪ ಹದಿನಾರು ಅನ್ನುವ ತನ್ನ ಊರಿನ ಜಮೀನನ್ನು ಚಿಕ್ಕಪ್ಪನಿಗೆ ಬಿಟ್ಟು ನಂಜನಗೂಡಿಗೆ ಬಂದು ಮರದ ಕೆಲಸದ ಅಂಗಡಿ ಹಾಕಿದವನು. ಬಾಗಿಲು, ಕಿಟಕಿ, ಒಮ್ಮೊಮ್ಮೆ ಮಂಚ. ನಾವಿಬ್ಬರು ಗಂಡುಮಕ್ಕಳು, ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಉಳಿ ಕೈಗೆ ಕೊಟ್ಟರೆ ಬೆರಳಿಗೆ ಪೆಟ್ಟಾಗುತ್ತದೆ ಎಂದು ಹಿಂದೆ ಸರಿಯುತ್ತಿದ್ದ. ಬೆರಳುಗಳ ಮೇಲೆ ಅವನಿಗೆ ಅಷ್ಟು ಪ್ರೀತಿ. ಮೈಸೂರಿನಲ್ಲಿ ಮನೆ ಖಾಲಿ ಮಾಡಿಕೊಂಡು ಹೊರಟಿದ್ದ ಒಬ್ಬ ಮುದುಕ ಮೇಷ್ಟರ ಹತ್ತಿರ ಆ ಗಿಟಾರ್ ಕೊಂಡು ತಂದಿದ್ದ. ಆಗಲೇ ಅದು ಹಳೆಯ ಕಾಲದ್ದು. ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಕಲ್ಕತ್ತಾ ಅನ್ನುವ ಅಕ್ಷರಗಳು ಮಾತ್ರ ಉಳಿದಿದ್ದವು. ಅದನ್ನು ಹೆಗಲಿಗೇರಿಸಿಕೊಂಡು ಆರ್ಕೆಸ್ಟ್ರಾ ಸೇರಿದ. ಗಣಪತಿ ಕೂರಿಸಿದ ಬೀದಿಗಳಲ್ಲಿ, ಮದುವೆಯ ರಿಸೆಪ್ಷನ್ನುಗಳಲ್ಲಿ, ಸ್ಕೂಲ್ ಡೇಗಳಲ್ಲಿ ಬಾರಿಸಿದ. ನಾನು ಅಪ್ಪನ ಜೊತೆ ಕೀಸುಳಿ ಹಿಡಿದೆ. ಯಾರೂ ನನ್ನನ್ನು ಬಲವಂತ ಮಾಡಿರಲಿಲ್ಲ. ಆದರೂ ಅಣ್ಣ ತಪ್ಪಿಸಿಕೊಂಡ, ನಾನು ಸಿಕ್ಕಿಹಾಕಿಕೊಂಡೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು.

ಅಪ್ಪ ಸತ್ತ ದಿನ ಅಣ್ಣ ಕವಲಂದೆಯ ಒಂದು ಮದುವೆಯಲ್ಲಿ ಬಾರಿಸುತ್ತಿದ್ದ. ಫೋನು ಚೀಲದೊಳಗಿತ್ತಂತೆ, ಕೇಳಿಸಲಿಲ್ಲವಂತೆ. ಅಪ್ಪನನ್ನು ಎತ್ತುವ ಹೊತ್ತಿಗೆ ಬಂದ. ಮೈಮೇಲೆ ಮಿಣಮಿಣ ಹೊಳೆಯುವ ಸ್ಟೇಜಿನ ಅಂಗಿ, ಹೆಗಲಲ್ಲಿ ಗಿಟಾರು. ಬೀದಿಯ ಜನರೆಲ್ಲ ಅವನ ಅಂಗಿಯನ್ನೇ ನೋಡುತ್ತಿದ್ದರು. ಎಲ್ಲರೆದುರಿಗೆ ನಾನು ನಾಲಿಗೆ ಹರಿಬಿಟ್ಟೆ. ಏನಂದೆ ಎಂಬುದನ್ನು ಬರೆಯುವುದಿಲ್ಲ. ಅನ್ನುವುದನ್ನೆಲ್ಲ ಅಂದು ಮುಗಿಸಿ ಗಿಟಾರನ್ನು ಅವನ ಹೆಗಲಿಂದ ಕಿತ್ತುಕೊಂಡು ಮನೆ ಪಕ್ಕದಲ್ಲೇ ಇದ್ದ ನಮ್ಮ ಅಂಗಡಿಗೆ ನುಗ್ಗಿ ಅಟ್ಟಕ್ಕೆ ಎಸೆದೆ. ತಿಥಿ ಮುಗಿದ ಮೇಲೆ ಅಣ್ಣ ಅತ್ತಿಗೆಯ ತವರೂರು ಟಿ. ನರಸೀಪುರಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟ. ಗಿಟಾರ್ ಕೊಡು ಎಂದು ಕೇಳಲಿಲ್ಲ. ನಾನೂ ತಗೋ ಎನ್ನಲಿಲ್ಲ. ನಂಜನಗೂಡಿಗೂ ನರಸೀಪುರಕ್ಕೂ ಒಂದು ಗಂಟೆಯ ಬಸ್ಸು. ಹನ್ನೊಂದು ವರ್ಷ ನಾನು ಆ ಬಸ್ಸು ಹತ್ತಲಿಲ್ಲ.

ಹೋದ ವರ್ಷ ಅತ್ತಿಗೆ ಫೋನು ಮಾಡಿದರು. "ನಿಮ್ಮಣ್ಣಂಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗದೆ ಕಣಪ್ಪ. ಅಂಗಡಿ ಬಾಗ್ಲಾಕವ್ರೆ. ಒಂದ್ಸಲ ಬಂದು ನೋಡ್ಕೊಂಡೋಗು" ಅಂದರು. ಹೂಂ ಅಂದೆ. ಆದರೆ ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ. ಹಣ್ಣು ತಗೊಂಡು ಹೋಗಲು ಅವನೇನು ಆಸ್ಪತ್ರೆಯಲ್ಲಿದ್ದನೇ? ಅದೂ ಸಕ್ಕರೆ ಕಾಯಿಲೆಯವನಿಗೆ ಹಣ್ಣು. ಕೊನೆಗೆ ಏಣಿ ಹಾಕಿ ಅಟ್ಟ ಹತ್ತಿದೆ. ಅಣ್ಣನ ಜೊತೆ ಮತ್ತೆ ಮಾತು ಶುರುವಾಗಬೇಕು, ನನಗೆ ಬೇಕಾಗಿದ್ದುದು ಅಷ್ಟೇ. ಗಿಟಾರ್ ಬರೀ ನೆಪ.

ಕೆಳಗಿಳಿಸಿ ನೋಡಿದರೆ ಇಲಿ ಅದರ ಹೊಟ್ಟೆಯಲ್ಲಿ ಸಂಸಾರ ಹೂಡಿತ್ತು. ಗೋಣಿಯ ನಾರು, ಮರದ ಹೊಟ್ಟು, ನಮ್ಮದೇ ಹಳೆಯ ರಸೀದಿಗಳ ಚೂರು. ತಂತಿಗಳೆಲ್ಲ ತುಕ್ಕು ಹಿಡಿದು ಹೋಗಿದ್ದವು. ತಂತಿ ಬಿಗಿಯುವ ಬಿರಡೆಗಳು ಅಲುಗಾಡುತ್ತಿರಲಿಲ್ಲ. ಕತ್ತು ಸ್ವಲ್ಪ ಬಾಗಿತ್ತು. ತಂತಿ ಕಟ್ಟುವ ಹಲಗೆ ಅರ್ಧ ಎದ್ದಿತ್ತು. ಒಳಗಿನ ಆಧಾರದ ಪಟ್ಟಿಗಳಲ್ಲಿ ನಾಲ್ಕು ಕಳಚಿ ಬಿದ್ದಿದ್ದವು. ಬೆನ್ನ ಮೇಲೆ ಮೇಲಿನಿಂದ ಕೆಳಗಿನವರೆಗೆ ಸೀಳು, ಅದು ನಾನು ಕೊಟ್ಟಿದ್ದು.

ಬಾಗಿಲಿನ ಕೆಲಸದವನು ಗಿಟಾರನ್ನು ಹೇಗೆ ರಿಪೇರಿ ಮಾಡುತ್ತಾನೋ ಹಾಗೇ ಮಾಡಿದೆ. ಬೆನ್ನನ್ನು ಬಿಸಿ ಚಾಕುವಿನಿಂದ ಬಿಡಿಸಿ ಸೀಳಿಗೆ ಅಂಟು ತುಂಬಿ ಕ್ಲಾಂಪ್ ಹಾಕಿದೆ. ಕತ್ತಿಗೆ ಒದ್ದೆ ಬಟ್ಟೆ ಸುತ್ತಿ, ಬಿಸಿ ಕೊಟ್ಟು, ಕಬ್ಬಿಣದ ಸರಳಿಗೆ ಕಟ್ಟಿ ಹದಿನೈದು ದಿನ ಬಿಟ್ಟೆ. ಬಿರಡೆಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಬಿದ್ದುಹೋಗಿದ್ದ ಪಟ್ಟಿಗಳು ಬೆಂಕಿಕಡ್ಡಿಯಷ್ಟು ಸಣ್ಣಗಿದ್ದವು. ಕಲ್ಕತ್ತಾದವನು ಮರದಲ್ಲೂ ಜಿಪುಣತನ ಮಾಡಿದ್ದಾನೆ ಎಂದು ಬೈದುಕೊಂಡು ಒಳ್ಳೆ ತೇಗದಲ್ಲಿ ದಪ್ಪ ದಪ್ಪ ಪಟ್ಟಿ ಕತ್ತರಿಸಿ ಕೂರಿಸಿದೆ. ಇನ್ನು ಯಾರು ಎಲ್ಲಿಗೆ ಎಸೆದರೂ ಇದು ಜಪ್ಪಯ್ಯ ಅನ್ನಬಾರದು, ಹಾಗೆ ಬಂದೋಬಸ್ತು ಮಾಡಿದೆ. ಪಾಲಿಶ್ ಹೊಡೆದು, ಮೈಸೂರಿನಿಂದ ತರಿಸಿದ ಆರು ಹೊಸ ತಂತಿ ಹಾಕಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಒಂದು ಭಾನುವಾರ ಬಸ್ಸು ಹತ್ತಿದೆ.

ಅಣ್ಣ ಜಗಲಿಯ ಮೇಲೆ ಕೂತಿದ್ದ. ಇಷ್ಟು ಸಣ್ಣಗಾಗಿದ್ದಾನೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನು ಬೆಡ್‌ಶೀಟು ಬಿಚ್ಚಿದೆ. ಅವನು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತಂತಿ ಮುಟ್ಟಲಿಲ್ಲ. ಅದರ ಹೊಟ್ಟೆಯ ಮೇಲೆ ಗೆಣ್ಣಿನಿಂದ ಎರಡು ಸಲ ತಟ್ಟಿ ಕಿವಿ ಇಟ್ಟ.

"ನೀನು ಮೀಟು, ನಾನು ಕೇಳ್ತೀನಿ" ಅಂದ.

ಮೀಟಿದೆ. ಅಣ್ಣನ ಮುಖ ಹುಳ್ಳಗಾಯಿತು. "ಲೇ, ಬಾಗ್ಲು ಮಾಡಿಟ್ಟಿದ್ದೀಯಲ್ಲೋ ಇದ್ನ! ಚಿಲ್ಕ ಒಂದು ಮರ್ತುಬಿಟ್ಟಿದ್ದೀಯ."

ಅತ್ತಿಗೆ ಒಳಗಿಂದ ನಕ್ಕರು. ನಾನೂ ನಕ್ಕೆ. ಒಳಗಿನ ಪಟ್ಟಿ ದಪ್ಪಗಿದ್ದರೆ ಮರ ನಡುಗುವುದಿಲ್ಲ, ನಡುಗದೆ ದನಿ ಬರುವುದಿಲ್ಲ ಎಂದು ಅವನೇ ಬಿಡಿಸಿ ಹೇಳಿದ. ನಾನು ನಲವತ್ತು ವರ್ಷ ಮರ ಅಲುಗದ ಹಾಗೆ ಮಾಡುವುದನ್ನೇ ಕಲಿತವನು. ಗಿಟಾರನ್ನು ಮತ್ತೆ ಸುತ್ತಿಕೊಂಡು ಬಂದೆ. ಆ ವಾರ ಬೆನ್ನು ಬಿಡಿಸಿ, ಪಟ್ಟಿಗಳನ್ನು ಕೀಸಿ ಕೀಸಿ ಸಣ್ಣ ಮಾಡಿದೆ. ಕೀಸುವಾಗ ಸಿಳ್ಳೆ ಹಾಕುತ್ತಿದ್ದೆನಂತೆ. ಹೆಂಡತಿ ಬಂದು, ಏನು ಸಮಾಚಾರ ಎಂದು ಕೇಳಿದಳು.

ಮುಂದಿನ ಭಾನುವಾರ ದನಿ ಬಂದಿತ್ತು. ಆದರೆ ತಂತಿ ಎತ್ತರ ಅಂದ ಅಣ್ಣ. ತಂತಿಯ ಕೆಳಗೆ ಬಸ್ ಟಿಕೆಟನ್ನು ತೂರಿಸಿ, "ನೋಡು, ಎಷ್ಟು ಜಾಗ ಅದೆ ಇಲ್ಲಿ. ಇನ್ನೊಂಚೂರು ಇಳಿಸ್ಬೇಕು ಕಣ್ಲಾ" ಅಂದ. ಇಳಿಸಿದೆ. ಅದರ ಮುಂದಿನ ವಾರ ಒಂದು ಬಿರಡೆ ಜಾರುತ್ತದೆ ಅಂದ. ಬದಲಾಯಿಸಿದೆ. ಆಮೇಲೆ ಕತ್ತಿನ ಬುಡದಲ್ಲಿ ಕಿರ್ ಅನ್ನುತ್ತದೆ, ಆಮೇಲೆ ಐದನೇ ತಂತಿ ಮಂಕು, ಆಮೇಲೆ ಪಾಲಿಶ್ ಮಂದವಾಯಿತು. ಪ್ರತಿ ಸಲವೂ ನಾನು ಮೀಟಬೇಕು, ಅವನು ಕಣ್ಣು ಮುಚ್ಚಿ ಕೇಳಬೇಕು. ತಾನಾಗಿ ಒಂದು ಸಲವೂ ಬಾರಿಸಲಿಲ್ಲ. ಇನ್ನೂ ಮುನಿಸಿದೆ, ನನ್ನ ಕೈ ಬಿದ್ದ ಗಿಟಾರನ್ನು ಮುಟ್ಟಲು ಮನಸ್ಸಿಲ್ಲ ಅಂದುಕೊಂಡೆ. ಮಧ್ಯಾಹ್ನ ಅತ್ತಿಗೆ ಮುದ್ದೆ ಉಪ್ಸಾರು ಬಡಿಸುತ್ತಿದ್ದರು. ಊಟವಾದ ಮೇಲೆ ಅಣ್ಣ ಮಾತಿಗೆ ಕೂರುತ್ತಿದ್ದ. ಹೆಮ್ಮರಗಾಲದಲ್ಲಿ ಯಾರದೋ ಮದುವೆಯಲ್ಲಿ ಕರೆಂಟು ಹೋಗಿ ಕತ್ತಲಲ್ಲೇ ಎರಡು ಗಂಟೆ ಬಾರಿಸಿದ್ದು, ಅಪ್ಪ ಒಮ್ಮೆ ಯಾರಿಗೂ ಹೇಳದೆ ಬಂದು ಜನರ ಹಿಂದೆ ನಿಂತು ಕೇಳಿ ಹೋಗಿದ್ದು. ಅಪ್ಪ ಹಾಗೆ ಹೋಗಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ. ಆದರೆ ಅಪ್ಪ ಸತ್ತ ದಿನದ ಸುದ್ದಿಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಎತ್ತುವ ಧೈರ್ಯವಿರಲಿಲ್ಲ.

ಹೀಗೆ ನಾಲ್ಕು ತಿಂಗಳು ನಡೆಯಿತು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದ್ದು. ವಾರಕ್ಕೊಂದು ರಜೆ, ಅದನ್ನೂ ಬಸ್ಸಿನಲ್ಲಿ ಕಳೆಯುತ್ತಿದ್ದೆ. ಅಂಗಡಿಗೆ ಬಂದವರು, "ಏನ್ ಸಾ, ಇನ್ನೂ ಆಗ್ನಿಲ್ವಾ ನಿಮ್ ಗಿಟಾರು?" ಎಂದು ಆಡಿಕೊಳ್ಳತೊಡಗಿದರು. ಮೈಸೂರಿಗೆ ಹೋದಾಗ ವಾದ್ಯಗಳ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋಗಿ ತೋರಿಸಿದೆ. ಅಲ್ಲಿಯವನು ಹತ್ತು ನಿಮಿಷ ಬಾರಿಸಿ, ಇಂಥ ಹಳೇ ಮರದ ದನಿ ಈಗೆಲ್ಲಿ ಸಿಗುತ್ತದೆ, ಇದರಲ್ಲಿ ಒಂದು ಕುಂದೂ ಇಲ್ಲ ಅಂದ. ನನಗೆ ಹಿಗ್ಗು. ಭಾನುವಾರ ಗೆದ್ದವನ ಹಾಗೆ ಹೋಗಿ ಜಗಲಿಯ ಮೇಲೆ ಕೂತು ಮೀಟಿದೆ.

ಅಣ್ಣ ಕಣ್ಣು ಮುಚ್ಚಿಕೊಂಡೇ, "ಮೂರ್ನೇ ತಂತಿ ಗುಂಯ್ ಅಂತದೆ ಕಣ್ಲಾ. ಇನ್ನೊಂದ್ವಾರ ನೋಡು" ಅಂದ.

ನನಗೆ ನೆತ್ತಿಗೇರಿತು. "ಕುಂದು ತಂತೀಲಿಲ್ಲ, ನಿನ್ ಕೈಲದೆ! ತಾಕತ್ತಿದ್ರೆ ತಗೊಂಡು ಬಾರ್ಸು. ಇಲ್ದಿದ್ರೆ ಸುಮ್ನೆ ಬಿದ್ದಿರು. ನನ್ ಜೀವ ಯಾಕೆ ತಿಂತೀಯ?"

ಅಣ್ಣ ಕಣ್ಣು ಬಿಟ್ಟ. ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡ. "ಊಂ, ಕೈಲೇ ಇರ್ಬೇಕು" ಅಂದ. ಒಂದು ಚೂರು ನಕ್ಕ ಹಾಗೂ ಇತ್ತು. ಗಿಟಾರನ್ನು ಅಲ್ಲೇ ಬಿಟ್ಟು ಎದ್ದುಬಂದೆ.

ಅತ್ತಿಗೆ ಬೀದಿಯ ತಿರುವಿನವರೆಗೂ ಹಿಂದೆಯೇ ಓಡಿಬಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳಿದರು. ಅಣ್ಣನ ಎರಡು ಕೈಯ ಬೆರಳುಗಳಿಗೂ ಎರಡು ವರ್ಷದಿಂದ ಸ್ಪರ್ಶವೇ ಇಲ್ಲ. ಸಕ್ಕರೆ ಕಾಯಿಲೆ ನರಗಳನ್ನು ತಿಂದುಬಿಟ್ಟಿದೆ. ಒಲೆಯ ಮೇಲಿದ್ದ ಪಾತ್ರೆ ಹಿಡಿದವನಿಗೆ ಚರ್ಮ ಸುಟ್ಟ ವಾಸನೆ ಬಂದ ಮೇಲೆಯೇ ಗೊತ್ತಾಗಿದ್ದು. ತಂತಿ ಬೆರಳಿನ ಕೆಳಗಿದೆಯೋ ಇಲ್ಲವೋ ಎಂಬುದೇ ಅವನಿಗೆ ತಿಳಿಯುವುದಿಲ್ಲ.

"ಮತ್ಯಾಕೆ ಅತ್ತಿಗೆ, ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ನನ್ನ ಅಲೆದಾಡ್ಸಿದ್ದು?"

"ಸರಿಯಾಯ್ತು ಅಂದ್ರೆ ನೀನು ಬರೋದು ನಿಲ್ಲಿಸ್ಬುಡ್ತೀಯ ಅಂತ ಕಣಪ್ಪ. ಶನಿವಾರ್ದಿಂದ್ಲೇ ಕೂತು ಯೋಚ್ನೆ ಮಾಡೋರು, ನಾಳೆ ಏನಂತ ಏಳ್ಲಿ ಅಂತ."

ಆಗಲೇ ತಿರುಗಿ ಹೋಗಿ ಅವನ ಕಾಲು ಹಿಡಿದುಕೊಳ್ಳಬೇಕಾಗಿತ್ತು. ಹೋಗಲಿಲ್ಲ. ನಾಚಿಕೆ ಅನ್ನುವುದೂ ಒಂದು ಬಗೆಯ ಕೊಬ್ಬೇ ಎಂದು ಈಗ ಅನ್ನಿಸುತ್ತದೆ. ಬಂದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು, ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಏನನ್ನೂ ಕೇಳದೆ ತನ್ನ ಚೀಲವನ್ನು ಆಚೆಗೆ ಸರಿಸಿ ನನಗೆ ಜಾಗ ಬಿಟ್ಟಳು.

ಮುಂದಿನ ಭಾನುವಾರ ಮೊದಲನೇ ಬಸ್ಸಿಗೇ ಹೋದೆ. ಅಣ್ಣ ಎದ್ದು ನಿಂತು, ಒಳಗಿನಿಂದ ಕುರ್ಚಿ ತರಿಸಿ ಹಾಕಿಸಿದ. ಅಷ್ಟು ದಿನ ನಾವಿಬ್ಬರೂ ಜಗಲಿಯ ನೆಲದ ಮೇಲೇ ಕೂರುತ್ತಿದ್ದವರು. ಗಿಟಾರು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

"ಮೂರ್ನೇ ತಂತಿ ಅಂದಿದ್ದಲ್ಲ ಅಣ್ಣ, ಕೊಡು, ತಗೊಂಡೋಗಿ ನೋಡ್ತೀನಿ."

"ಏನೂ ಇಲ್ಲ ಬುಡಪ್ಪ. ಎಲ್ಲಾ ಸರಿಯಾಗದೆ. ಸುಮ್ಸುಮ್ನೆ ನಿನ್ ಭಾನುವಾರ್ಗೊಳ್ನ ಆಳು ಮಾಡ್ದೆ."

"ತಪ್ಪಾಯ್ತು ಅಣ್ಣ" ಅಂದೆ. ಹಿಂದಿನ ವಾರದ ಮಾತಿಗೂ ಸೇರಿಸಿ, ಹನ್ನೊಂದು ವರ್ಷದ ಹಿಂದಿನದಕ್ಕೂ ಸೇರಿಸಿ ಅಂದೆ. ಅವನು ತಲೆಯಾಡಿಸಿದ. ಊಟ ಮಾಡಿಕೊಂಡು ಹೋಗು ಅಂದ. ಊಟದ ನಂತರ ಸ್ವಲ್ಪ ಮಲಗುತ್ತೇನೆ ಎಂದು ಒಳಗೆ ಹೋದ.

ನಾನು ಈಗಲೂ ಭಾನುವಾರ ಹೋಗುತ್ತೇನೆ. ಕುರ್ಚಿ ಬರುತ್ತದೆ, ಕಾಫಿ ಬರುತ್ತದೆ, ಮಳೆ ಬೆಳೆಯ ಮಾತಾಗುತ್ತದೆ. ಗಿಟಾರನ್ನು ನಾನೇ ಮೊಳೆಯಿಂದ ಇಳಿಸಿ, ಮೀಟಿ, ಹೇಗಿದೆ ಅಣ್ಣ ಎಂದು ಕೇಳುತ್ತೇನೆ. ಚೆನ್ನಾಗದೆ ಅನ್ನುತ್ತಾನೆ. ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಹಲ್ಲು ಕಡಿಯುತ್ತಿದ್ದ ಮನುಷ್ಯ ಅವನು. ಹೋದ ವಾರ, ಅವನು ನೀರು ಕುಡಿಯಲು ಒಳಗೆ ಹೋದಾಗ, ಬೇಕಂತಲೇ ಎರಡು ಬಿರಡೆಗಳನ್ನು ಸಡಿಲ ಮಾಡಿದೆ. ಅವನು ಬಂದು ಕೂತ ಮೇಲೆ ಆರೂ ತಂತಿಗಳನ್ನು ಒಟ್ಟಿಗೆ ಎಳೆದೆ. ಅಡುಗೆಮನೆಯಿಂದ ಅತ್ತಿಗೆ ಏನಾಯಿತೆಂದು ಇಣುಕಿ ನೋಡಿದರು.

"ನೋಡಣ್ಣ, ಏನೋ ಕೆಟ್ಟೋಗದೆ. ರಿಪೇರಿಗೆ ತಗೊಂಡೋಗ್ಲಾ?"

ಅಣ್ಣ ನನ್ನ ಮುಖ ನೋಡಿದ. ನಾನು ಯಾಕೆ ಕೇಳುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ.

"ಇಲ್ವಲ್ಲ" ಅಂದ. "ನಂಗೆ ಸರಿಯಾಗೇ ಕೇಳ್ತದೆ."